ಹೆಪ್ಪು ಮತ್ತು ತಳಿ: ಪ್ರೊಬಯಾಟಿಕ್‌ಗಳ ವೈದ್ಯಕೀಯ ಬಳಕೆಯನ್ನು ಕುರಿತ ಸಂಶೋಧನೆಯ ಈಚಿನ ಒಲವುಗಳು

೧

ಕನ್ನಡದಲ್ಲಿ ವೈದ್ಯವಿಷಯಕವಾದ ಬರೆಹಕ್ಕೆ ದೀರ್ಘ ಪರಂಪರೆಯಿದೆ. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಕೀರ್ತಿವರ್ಮನ ‘ಗೋವೈದ್ಯ’, ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಮುಂತಾದ ಕೃತಿಗಳನ್ನು ಶಾಸ್ತ್ರಸಾಹಿತ್ಯವೆಂಬ ತಲೆಬರೆಹದ ಅಡಿಯಲ್ಲಿ ನಾವು ಪಾಠ ಹೇಳುತ್ತೇವೆ, ಅವುಗಳ ಪರಿಭಾಷೆಯನ್ನು ಚರ್ಚಿಸುತ್ತೇವೆ. ಆದರೆ ನಮ್ಮ ಕಾಲದ ವೈದ್ಯಕೀಯ ಬರೆಹವನ್ನು, ಅಂದರೆ ದಿನಪತ್ರಿಕೆಯ ಆರೋಗ್ಯ ಪುಟ, ಔಷಧದ ಪೊಟ್ಟಣದೊಳಗಿನ ಚೀಟಿ, ಆಸ್ಪತ್ರೆಯವರು ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಇವುಗಳನ್ನು, ಅದೇ ಎಚ್ಚರದಿಂದ ಓದುವ ರೂಢಿ ಕನ್ನಡ ವಿಭಾಗಗಳಲ್ಲಿ ಇಲ್ಲವೆಂದೇ ಹೇಳಬೇಕು. ಪ್ರಸ್ತುತ ಲೇಖನವು ಪ್ರೊಬಯಾಟಿಕ್ ಎಂಬ ಒಂದೇ ಪದವನ್ನು ಹಿಡಿದು, ಅದರ ಹಿಂದಿರುವ ವೈದ್ಯಕೀಯ ಸಂಶೋಧನೆ ಈಚಿನ ವರ್ಷಗಳಲ್ಲಿ ಯಾವ ದಿಕ್ಕಿಗೆ ಸಾಗಿದೆ, ಕನ್ನಡದ ವಿವರಣೆ ಎಲ್ಲಿ ನಿಂತಿದೆ ಎಂಬುದನ್ನು ಗುರುತಿಸಲು ಪ್ರಯತ್ನಿಸುತ್ತದೆ. ಲೇಖಕ ವೈದ್ಯನಲ್ಲ, ಸಾಹಿತ್ಯದ ವಿದ್ಯಾರ್ಥಿ ಎಂಬುದನ್ನು ಆರಂಭದಲ್ಲಿಯೇ ತಿಳಿಸುವುದು ಉಚಿತ.

ಈ ವಿಷಯಕ್ಕೆ ನಾನು ಬಂದ ಬಗೆಯನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನಿಗೆ ಎಂಟನೆಯ ತಿಂಗಳಿನಲ್ಲಿಯೇ ಹೆರಿಗೆಯಾಯಿತು. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯಲ್ಲಿ ಹಾಲಿನೊಡನೆ ದಿನಕ್ಕೆ ಕೆಲವು ಹನಿ ಪ್ರೊಬಯಾಟಿಕ್ ಕೊಡುತ್ತಿದ್ದರು. ‘ಒಳ್ಳೆಯ ಬ್ಯಾಕ್ಟೀರಿಯ, ಮೊಸರಿನಲ್ಲಿರುತ್ತದಲ್ಲ, ಅದೇ’ ಎಂದು ದಾದಿಯೊಬ್ಬರು ತಿಳಿಸಿದರು. ಭಾವ ನನ್ನ ಕಡೆ ತಿರುಗಿ, ‘ಎಂ.ಎ. ಮಾಡಿದ್ದೀಯಲ್ಲಪ್ಪ, ಮೊಸರು ಕೂಡ ಹಾಕಬಾರದ ಕೂಸಿಗೆ ಮೊಸರಿನ ಹುಳ ಯಾಕೆ ಹಾಕ್ತಾರೆ ಕೇಳು’ ಎಂದರು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಮಗು ಉಳಿಯಿತು, ಈಗ ಶಾಲೆಗೆ ಹೋಗುತ್ತಿದೆ. ಆದರೆ ಅದು ಆ ಹನಿಗಳಿಂದ ಉಳಿಯಿತೆಂದು ಹೇಳಲು ಬರುವುದಿಲ್ಲ. ಹನಿ ಹಾಕದಿದ್ದರೂ ಉಳಿಯುತ್ತಿತ್ತೋ ಏನೋ. ಒಂದು ಮಗುವಿನ ಉದಾಹರಣೆಯಿಂದ ಇದನ್ನು ತಿಳಿಯಲಾಗದು ಎನ್ನುವಲ್ಲಿಯೇ ವೈದ್ಯಕೀಯ ಸಂಶೋಧನೆಯ ಕೆಲಸ ಆರಂಭವಾಗುತ್ತದೆ.

೨

ಪ್ರೊಬಯಾಟಿಕ್ ಕಲ್ಪನೆಯ ಇತಿಹಾಸವನ್ನು ಸಾಮಾನ್ಯವಾಗಿ ರಷ್ಯಾ ಮೂಲದ ವಿಜ್ಞಾನಿ ಎಲೀ ಮೆಚ್ನಿಕಾಫ್‌ನಿಂದ ಆರಂಭಿಸುವುದು ವಾಡಿಕೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಈತ ರೋಗನಿರೋಧಕ ಶಕ್ತಿಯನ್ನು ಕುರಿತ ಸಂಶೋಧನೆಗಾಗಿ ೧೯೦೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಾಲ್ ಎರ್ಲಿಕ್‌ನೊಡನೆ ಹಂಚಿಕೊಂಡನು. ಬಲ್ಗೇರಿಯದ ರೈತರ ದೀರ್ಘಾಯುಸ್ಸಿಗೆ ಅವರು ಸೇವಿಸುವ ಮೊಸರೇ ಕಾರಣವಿರಬಹುದೆಂದು ಅವನು ಊಹಿಸಿದನು. ಅದು ಊಹೆಯೇ ಹೊರತು ಪ್ರಯೋಗದಿಂದ ಸಿದ್ಧಪಟ್ಟ ಸಂಗತಿಯಲ್ಲ. ೧೯೧೭ರಲ್ಲಿ ಜರ್ಮನಿಯ ಆಲ್ಫ್ರೆಡ್ ನಿಸ್ಲೆ ಕರುಳಿನಲ್ಲಿ ವಾಸಿಸುವ ಎಷರೀಷಿಯ ಕೋಲೈ ಬ್ಯಾಕ್ಟೀರಿಯದ ಒಂದು ತಳಿಯನ್ನು ಬೇರ್ಪಡಿಸಿದನು. ೧೯೩೦ರಲ್ಲಿ ಜಪಾನಿನ ಮಿನೊರು ಶಿರೋಟ ಹಾಲನ್ನು ಹುಳಿಯಾಗಿಸುವ ಒಂದು ತಳಿಯನ್ನು ಆಯ್ದನು. ೧೯೩೫ರಿಂದ ಅದು ಪಾನೀಯವಾಗಿ ಮಾರುಕಟ್ಟೆಗೆ ಬಂದಿತು. ಮೆಚ್ನಿಕಾಫ್ ಮೊಸರಿನ ವಿಷಯ ಮಾತನಾಡಿದರೆ, ನಿಸ್ಲೆ ಮತ್ತು ಶಿರೋಟ ತಳಿಯ ವಿಷಯ ಮಾತನಾಡಿದರು ಎಂಬ ವ್ಯತ್ಯಾಸ ಗಮನಾರ್ಹ. ಮುಂದಿನ ಎಲ್ಲ ಚರ್ಚೆಯೂ ಈ ವ್ಯತ್ಯಾಸದ ಸುತ್ತಲೇ ನಡೆದಿದೆ.

ಪ್ರೊಬಯಾಟಿಕ್ ಎಂಬ ಪದ ೧೯೬೫ರಲ್ಲಿ ಲಿಲ್ಲಿ ಮತ್ತು ಸ್ಟಿಲ್‌ವೆಲ್ ಎಂಬವರ ಲೇಖನದಲ್ಲಿ ಬಳಕೆಯಾದಾಗ ಅದರ ಅರ್ಥ ಬೇರೆಯಾಗಿತ್ತು. ಒಂದು ಸೂಕ್ಷ್ಮಜೀವಿ ಸ್ರವಿಸಿದ ವಸ್ತು ಮತ್ತೊಂದರ ಬೆಳವಣಿಗೆಗೆ ನೆರವಾದರೆ ಆ ವಸ್ತುವನ್ನು ಅವರು ಹಾಗೆ ಕರೆದರು. ಒಂದು ಜೀವಿಯ ಸ್ರಾವ ಮತ್ತೊಂದನ್ನು ಕೊಲ್ಲುವುದಕ್ಕೆ ಪ್ರತಿಜೀವಕವೆಂಬ ಹೆಸರಿರುವಾಗ, ಅದರ ವಿರುದ್ಧಪದವಾಗಿ ಇದು ಹುಟ್ಟಿತು. ಅನಂತರ ಅರ್ಥ ಜಾರುತ್ತ ಬಂದು, ೨೦೦೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳು ಅರ್ಜೆಂಟೀನದ ಕೊರ್ಡೊಬ ನಗರದಲ್ಲಿ ಸೇರಿಸಿದ ತಜ್ಞರ ಸಭೆಯಲ್ಲಿ ಒಂದು ನೆಲೆಗೆ ನಿಂತಿತು. ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಪಡೆದವರ ಆರೋಗ್ಯಕ್ಕೆ ಪ್ರಯೋಜನ ಉಂಟುಮಾಡುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೊಬಯಾಟಿಕ್‌ಗಳು ಎಂಬುದು ಆ ಲಕ್ಷಣದ ಸಾರ. ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ೨೦೧೪ರಲ್ಲಿ ಇದನ್ನೇ ಸಣ್ಣ ತಿದ್ದುಪಡಿಯೊಡನೆ ಎತ್ತಿಹಿಡಿಯಿತು.

ಲಕ್ಷಣವಾಕ್ಯಗಳನ್ನು ಬಿಡಿಸಿ ನೋಡುವುದು ನಮಗೆ ಅಭ್ಯಾಸವಾದ ಕೆಲಸ. ಇಲ್ಲಿ ಮೂರು ಷರತ್ತುಗಳಿವೆ: ಜೀವಿ ಜೀವಂತವಿರಬೇಕು, ಪ್ರಮಾಣ ಸಾಕಷ್ಟಿರಬೇಕು, ಪ್ರಯೋಜನ ಸಿದ್ಧಪಟ್ಟಿರಬೇಕು. ಮೊದಲನೆಯ ಷರತ್ತಿನಲ್ಲಿಯೇ ನಮ್ಮ ಬಹುಪಾಲು ತಿನಿಸುಗಳು ಹೊರಗುಳಿಯುತ್ತವೆ. ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಉಲ್ಲೇಖವಿರುವುದನ್ನೂ, ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರದ ಭಾಗವಿರುವುದನ್ನೂ ನಾವು ಬಲ್ಲೆವು. ಇಂದಿನ ಇಡ್ಲಿಯ ಹಿಟ್ಟು ಉಬ್ಬುವುದಕ್ಕೆ ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯ ಕಾರಣ. ಹಿಟ್ಟಿನಲ್ಲಿ ಅದು ಹೇರಳವಾಗಿರುತ್ತದೆ. ಆದರೆ ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಅದು ಬದುಕಿ ಉಳಿಯುವುದಿಲ್ಲ. ಕುದಿಸಿದ ಮಜ್ಜಿಗೆಹುಳಿಯದೂ ಇದೇ ಪಾಡು. ಇವು ಹುದುಗು ಬಂದ ಆಹಾರಗಳು, ಜೀರ್ಣಕ್ಕೆ ಹಿತವಾದವು, ಇವುಗಳ ಗುಣವನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಇವು ಪ್ರೊಬಯಾಟಿಕ್‌ಗಳಲ್ಲ.

ಮೊಸರಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಹೆಪ್ಪು ಹಾಕಿದ ಮೊಸರಿನಲ್ಲಿ ಜೀವಿಗಳು ಜೀವಂತವಾಗಿಯೇ ಇರುತ್ತವೆ, ಸಂಖ್ಯೆಗೂ ಕೊರತೆಯಿಲ್ಲ. ಅಂತರರಾಷ್ಟ್ರೀಯ ಆಹಾರ ಸಂಹಿತೆಯು ಯೋಗರ್ಟ್ ಎನಿಸಿಕೊಳ್ಳಲು ಗ್ರಾಮಿಗೆ ಕನಿಷ್ಠ ೧ ಕೋಟಿ ಜೀವಿಗಳಿರಬೇಕೆಂದು ಹೇಳುತ್ತದೆ. ಹಾಲಿನ ಸಕ್ಕರೆ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವವರಿಗೆ ಯೋಗರ್ಟಿನ ಜೀವಂತ ಬ್ಯಾಕ್ಟೀರಿಯಗಳು ನೆರವಾಗುತ್ತವೆ ಎಂಬ ಹೇಳಿಕೆಯನ್ನು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ೨೦೧೦ರಲ್ಲಿ ಒಪ್ಪಿಕೊಂಡಿತು. ಪ್ರೊಬಯಾಟಿಕ್ ಹೆಸರಿನಲ್ಲಿ ಬಂದ ಇತರ ಹಲವಾರು ಹೇಳಿಕೆಗಳನ್ನು ಅದೇ ಪ್ರಾಧಿಕಾರ ಸಾಕ್ಷ್ಯ ಸಾಲದೆಂದು ತಳ್ಳಿಹಾಕಿದೆ. ನಮ್ಮ ಮನೆಯ ಮೊಸರಿನ ತೊಡಕೆಂದರೆ ಅದರ ಹೆಪ್ಪಿನಲ್ಲಿ ಯಾವ ಯಾವ ಜೀವಿಗಳಿವೆಯೆಂಬುದು ಗೊತ್ತಿರುವುದಿಲ್ಲ. ಅಗ್ರಹಾರದ ಒಂದು ಮನೆಯ ಹೆಪ್ಪಿಗೂ ಪಕ್ಕದ ಮನೆಯ ಹೆಪ್ಪಿಗೂ ವ್ಯತ್ಯಾಸವಿರಬಹುದು. ಒಂದೇ ಮನೆಯಲ್ಲಿ ಬೇಸಗೆಯದಕ್ಕೂ ಚಳಿಗಾಲದ್ದಕ್ಕೂ ವ್ಯತ್ಯಾಸವಿರಬಹುದು. ಗುರುತು ತಿಳಿಯದ ಮಿಶ್ರಣವೊಂದರ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು ಮತ್ತೊಂದು ಮಿಶ್ರಣಕ್ಕೆ ಅನ್ವಯಿಸಲಾಗದು.

೩

ಇಲ್ಲಿ ತಳಿ ಎಂಬ ಪದವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಜೀವವಿಜ್ಞಾನದ ವರ್ಗೀಕರಣದಲ್ಲಿ ಕುಲ, ಅದರೊಳಗೆ ಪ್ರಭೇದ, ಪ್ರಭೇದದೊಳಗೆ ತಳಿ ಎಂಬ ಅನುಕ್ರಮವಿದೆ. ಭತ್ತವೆಲ್ಲ ಒಂದೇ ಪ್ರಭೇದವಾದರೂ ರಾಜಮುಡಿ ಬೇರೆ, ಗಂಧಸಾಲೆ ಬೇರೆ ಎಂಬುದು ನಮ್ಮ ರೈತನಿಗೆ ಗೊತ್ತು. ಒಂದು ಬಿತ್ತಿ ಇನ್ನೊಂದರ ಫಸಲನ್ನು ಆತ ನಿರೀಕ್ಷಿಸುವುದಿಲ್ಲ. ನಮ್ಮ ಕ್ಷೇತ್ರದಿಂದಲೇ ಒಂದು ಹೋಲಿಕೆ ಕೊಡುವುದಾದರೆ, ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ಕೃತಿಯ ಹೆಸರು ಹೇಳಿದ ಮಾತ್ರಕ್ಕೆ ಯಾವ ಪ್ರತಿಯ ಪಾಠವೆಂದು ತಿಳಿಯುವುದಿಲ್ಲ ಎಂಬುದು ಗೊತ್ತಿರುತ್ತದೆ. ಪ್ರತಿಯ ಸಂಖ್ಯೆಯನ್ನು ಹೇಳದೆ ಪಾಠಾಂತರ ಚರ್ಚಿಸುವುದು ಹೇಗೆ ನಿಷ್ಪ್ರಯೋಜಕವೋ, ತಳಿಯ ಗುರುತು ಹೇಳದೆ ಪ್ರೊಬಯಾಟಿಕ್‌ನ ಗುಣ ಹೇಳುವುದೂ ಹಾಗೆಯೇ. ಎಷರೀಷಿಯ ಕೋಲೈ ಎಂಬ ಒಂದೇ ಪ್ರಭೇದದಲ್ಲಿ ನಿಸ್ಲೆಯ ತಳಿ ಔಷಧವಾಗಿ ಬಳಕೆಯಾಗುತ್ತದೆ, ಬೇರೆ ತಳಿಗಳು ಪ್ರಾಣಾಂತಿಕವಾದ ರಕ್ತಭೇದಿಯನ್ನು ತರುತ್ತವೆ. ಹೋಲಿಕೆಗೂ ಒಂದು ಮಿತಿಯಿದೆ, ಓಲೆಗರಿ ತಾನಾಗಿ ಮರಿಹಾಕುವುದಿಲ್ಲ. ಆದರೂ ಎಚ್ಚರದ ಸ್ವರೂಪ ಒಂದೇ.

ಹೆಸರುಗಳ ವಿಷಯದಲ್ಲಿ ಈಚೆಗೆ ದೊಡ್ಡ ಪಲ್ಲಟವೇ ಆಗಿದೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಒಂದು ಕುಲದಲ್ಲಿ ಸೇರಿಸಿದ್ದ ಪ್ರಭೇದಗಳನ್ನು ೨೦೨೦ರಲ್ಲಿ ೨೫ ಕುಲಗಳಾಗಿ ಬೇರ್ಪಡಿಸಲಾಯಿತು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಎಂದಿದ್ದದ್ದು ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್ ಆಗಿದೆ. ಭಾರತದ ಔಷಧದ ಅಂಗಡಿಗಳಲ್ಲಿ ಇದಕ್ಕಿಂತ ಹಳೆಯದಾದ ಒಂದು ಗೊಂದಲ ಉಳಿದುಬಂದಿದೆ. ಲ್ಯಾಕ್ಟೋಬ್ಯಾಸಿಲಸ್ ಸ್ಪೋರೋಜೆನಿಸ್ ಎಂಬ ಹೆಸರು ನಮ್ಮಲ್ಲಿ ಬಹುಕಾಲ ಪೊಟ್ಟಣಗಳ ಮೇಲೆ ಅಚ್ಚಾಗುತ್ತಿತ್ತು. ನಿಜವಾದ ಲ್ಯಾಕ್ಟೋಬ್ಯಾಸಿಲಸ್ಸುಗಳು ಬೀಜಕಗಳನ್ನು ಉಂಟುಮಾಡುವುದಿಲ್ಲ. ಬೀಜಕ ಉಂಟುಮಾಡುವ ಈ ಜೀವಿ ಬ್ಯಾಸಿಲಸ್ ಕೋಆಗ್ಯುಲನ್ಸ್ ಎಂಬುದು ವರ್ಗೀಕರಣಕಾರರಿಗೆ ಬಹಳ ಹಿಂದೆಯೇ ತಿಳಿದಿತ್ತು. ಆ ಹೆಸರೂ ಈಗ ಎರಡು ಬಾರಿ ಬದಲಾಗಿ, ಸದ್ಯಕ್ಕೆ ಹೇಂಡ್ರಿಕ್ಸಿಯ ಕೋಆಗ್ಯುಲನ್ಸ್ ಎಂದಾಗಿದೆ. ರೋಗಿಗೆ ಇದರಿಂದ ನೇರವಾದ ಹಾನಿಯಿಲ್ಲವೆನ್ನಬಹುದು. ಆದರೆ ಹಳೆಯ ಹೆಸರಿನಲ್ಲಿ ನಡೆದ ಪ್ರಯೋಗ ಹೊಸ ಹೆಸರಿನ ಔಷಧಕ್ಕೆ ಸಂಬಂಧಿಸಿದೆಯೇ ಎಂದು ನೋಡುವವನಿಗೆ ತಳಿಯ ಸಂಖ್ಯೆಯೊಂದೇ ಆಧಾರ.

ಇದೇ ಜೀವಿಯ ಮೇಲೆ ನಮ್ಮ ರಾಜ್ಯದ ಒಂದು ಉದ್ಯಮ ನಡೆಸಿದ ಕೆಲಸವನ್ನು ಉದಾಹರಿಸಬಹುದು. ಬೆಂಗಳೂರಿನ ಸಾಮಿ ಲ್ಯಾಬ್ಸ್ ಸಂಸ್ಥೆಯು ಎಂ.ಟಿ.ಸಿ.ಸಿ. ೫೮೫೬ ಎಂಬ ಸಂಖ್ಯೆಯ ತಳಿಯನ್ನು, ಭೇದಿಯೇ ಪ್ರಧಾನವಾಗಿರುವ, ಕರುಳು ಕೆರಳುವ ತೊಂದರೆಯುಳ್ಳ ೩೬ ಮಂದಿಯ ಮೇಲೆ ೯೦ ದಿನ ಪರೀಕ್ಷಿಸಿ, ಅನುಕೂಲಕರ ಫಲಿತಾಂಶವನ್ನು ೨೦೧೬ರಲ್ಲಿ ಪ್ರಕಟಿಸಿತು. ತಳಿಯ ಸಂಖ್ಯೆ ಸ್ಪಷ್ಟವಾಗಿದೆ, ಪ್ರಮಾಣ ದಿನಕ್ಕೆ ೨೦೦ ಕೋಟಿ ಜೀವಿಗಳೆಂದು ನಿರ್ದಿಷ್ಟವಾಗಿದೆ, ಹುಸಿಮದ್ದು ಪಡೆದ ಮತ್ತೊಂದು ಗುಂಪೂ ಇದೆ. ಕ್ರಮದ ದೃಷ್ಟಿಯಿಂದ ಇದು ಸರಿಯಾದ ದಾರಿ. ಆದರೆ ೩೬ ಚಿಕ್ಕ ಸಂಖ್ಯೆ. ಲೇಖಕರೇ ಇದನ್ನು ಆರಂಭಿಕ ಪ್ರಯೋಗವೆಂದು ಕರೆದಿದ್ದಾರೆ. ತಯಾರಿಸುವವರೇ ಪರೀಕ್ಷಿಸುವವರಾಗಿರುವುದು ಈ ಕ್ಷೇತ್ರದಲ್ಲಿ ಲೋಕದಲ್ಲೆಲ್ಲ ಸಾಮಾನ್ಯವಾಗಿದೆ. ಓದುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕಾಗುತ್ತದೆ.

೪

ವೈದ್ಯಕೀಯ ಪ್ರಯೋಗದ ರೀತಿಯನ್ನು ಸಂಕ್ಷೇಪವಾಗಿ ಹೇಳಬಹುದು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧವನ್ನೂ ಮತ್ತೊಂದಕ್ಕೆ ಅದೇ ರೂಪದ ಹುಸಿಮದ್ದನ್ನೂ ಕೊಡುತ್ತಾರೆ. ಯಾರಿಗೆ ಯಾವುದು ಸಿಕ್ಕಿತೆಂಬುದು ರೋಗಿಗೂ ವೈದ್ಯನಿಗೂ ಕೊನೆಯವರೆಗೆ ತಿಳಿದಿರುವುದಿಲ್ಲ. ಇಂತಹ ಪ್ರಯೋಗಗಳು ೨೦೦೦ದ ಅನಂತರ ಗಾತ್ರದಲ್ಲಿಯೂ ಕಟ್ಟುನಿಟ್ಟಿನಲ್ಲಿಯೂ ಬೆಳೆದಂತೆ, ಪ್ರೊಬಯಾಟಿಕ್‌ಗಳ ಬಗೆಗಿನ ಸಾಮಾನ್ಯ ಹೊಗಳಿಕೆ ಕರಗಿ, ನಿರ್ದಿಷ್ಟವಾದ ಕೆಲವು ‘ಹೌದು’ಗಳೂ ‘ಅಲ್ಲ’ಗಳೂ ಉಳಿದಿವೆ. ಈಚಿನ ಸಂಶೋಧನೆಯ ಮುಖ್ಯ ಒಲವು ಇದೇ ಎಂದು ನನ್ನ ಅಭಿಪ್ರಾಯ.

ಮೊದಲು ‘ಹೌದು’ಗಳನ್ನು ನೋಡಬಹುದು. ಪ್ರತಿಜೀವಕ ಸೇವಿಸುವ ಮಕ್ಕಳಿಗೆ ಅದರಿಂದಲೇ ಉಂಟಾಗುವ ಭೇದಿಯನ್ನು ತಡೆಯುವಲ್ಲಿ ಸಾಕ್ಷ್ಯ ಸಾಕಷ್ಟು ಗಟ್ಟಿಯಾಗಿದೆ. ಕಾಕ್ರೇನ್ ಸಮೀಕ್ಷಕರು ೨೦೧೯ರಲ್ಲಿ ೩೩ ಪ್ರಯೋಗಗಳನ್ನು, ೬,೩೫೨ ಮಕ್ಕಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪ್ರೊಬಯಾಟಿಕ್ ಪಡೆದವರಲ್ಲಿ ಶೇಕಡ ೮ರಷ್ಟು ಮಂದಿಗೂ ಪಡೆಯದವರಲ್ಲಿ ಶೇಕಡ ೧೯ರಷ್ಟು ಮಂದಿಗೂ ಭೇದಿಯಾಗಿತ್ತು. ಆದರೆ ೬೫ ದಾಟಿದ ೨,೯೪೧ ಮಂದಿ ಒಳರೋಗಿಗಳ ಮೇಲೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಪ್ರಯೋಗ ಇಂತಹ ಪ್ರಯೋಜನವನ್ನೇನೂ ಕಾಣಲಿಲ್ಲ. ರೋಗ ಒಂದೇ, ರೋಗಿಯ ವಯಸ್ಸು ಬೇರೆ, ತಳಿಗಳ ಮಿಶ್ರಣ ಬೇರೆ.

ಭಾರತದ ನೆಲದಲ್ಲಿಯೇ ಎರಡು ದೊಡ್ಡ ಪ್ರಯೋಗಗಳು ನಡೆದಿವೆ. ಕೊಲ್ಕತ್ತದ ಕೊಳೆಗೇರಿಯೊಂದರ ೧ರಿಂದ ೫ ವರ್ಷದ ೩,೭೫೮ ಮಕ್ಕಳಿಗೆ ೧೨ ವಾರಗಳ ಕಾಲ ದಿನವೂ ಶಿರೋಟನ ತಳಿಯಿರುವ ಪಾನೀಯವನ್ನೋ ಅದಿಲ್ಲದ ಪಾನೀಯವನ್ನೋ ಕೊಡಲಾಯಿತು. ತಳಿ ಪಡೆದ ಮಕ್ಕಳಲ್ಲಿ ಭೇದಿ ಶೇಕಡ ೧೪ರಷ್ಟು ಕಡಿಮೆಯಾಯಿತೆಂದು ೨೦೧೧ರಲ್ಲಿ ವರದಿಯಾಯಿತು. ಶೇಕಡ ೧೪ ಎಂಬುದು ಅಲ್ಪವೇ. ಶುದ್ಧವಾದ ನೀರು, ಶೌಚಾಲಯ ಕೊಟ್ಟಿದ್ದರೆ ಎಷ್ಟಾಗುತ್ತಿತ್ತು ಎಂಬ ಪ್ರಶ್ನೆಯನ್ನು ಆ ಪ್ರಯೋಗ ಕೇಳಿಕೊಂಡಿರಲಿಲ್ಲ, ಓದುವವರು ಕೇಳಿಕೊಳ್ಳಬೇಕು.

ಎರಡನೆಯದು ಒಡಿಶಾದ ಗ್ರಾಮಗಳಲ್ಲಿ ನಡೆದದ್ದು. ಅವಧಿ ತುಂಬಿಯೋ ತುಂಬುವ ಹಂತದಲ್ಲಿಯೋ ಹುಟ್ಟಿದ, ತಾಯಿಯ ಹಾಲು ಕುಡಿಯುತ್ತಿದ್ದ, ಕನಿಷ್ಠ ೨ ಕಿಲೋ ತೂಕದ ೪,೫೫೬ ಶಿಶುಗಳು ಇದರಲ್ಲಿದ್ದವು. ಪ್ಲಾಂಟಾರಮ್ ಪ್ರಭೇದದ ಗುರುತಿರುವ ಒಂದು ತಳಿಯನ್ನು, ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯೊಡನೆ, ಹುಟ್ಟಿದ ಮೊದಲ ದಿನಗಳಲ್ಲಿ ೭ ದಿನ ಕೊಟ್ಟು, ೬೦ ದಿನಗಳವರೆಗೆ ಗಮನಿಸಲಾಯಿತು. ರಕ್ತದ ನಂಜು ಅಥವಾ ಸಾವು ಹುಸಿಮದ್ದಿನ ಗುಂಪಿನಲ್ಲಿ ಶೇಕಡ ೯ರಷ್ಟಿದ್ದರೆ ಔಷಧದ ಗುಂಪಿನಲ್ಲಿ ಶೇಕಡ ೫.೪ರಷ್ಟಿತ್ತು. ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರ ಈ ವರದಿ ೨೦೧೭ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನವಜಾತ ಶಿಶುಗಳ ನಂಜು ನಮ್ಮ ದೇಶದಲ್ಲಿ ಎಷ್ಟು ಜೀವಗಳನ್ನು ತೆಗೆಯುತ್ತದೆಂಬುದನ್ನು ನೆನೆದರೆ ಇದು ಮಹತ್ವದ ಫಲಿತಾಂಶ. ಆದರೆ ಇದನ್ನು ‘ಪ್ರೊಬಯಾಟಿಕ್ ಶಿಶುಗಳನ್ನು ಉಳಿಸುತ್ತದೆ’ ಎಂದು ಅನುವಾದಿಸಿದರೆ ತಪ್ಪಾಗುತ್ತದೆ. ಅವಧಿಗೆ ಬಹಳ ಮುನ್ನ ಹುಟ್ಟಿದ ಶಿಶುಗಳು ಈ ಪ್ರಯೋಗದಲ್ಲಿ ಇರಲೇ ಇಲ್ಲ.

ಅಂತಹ ಶಿಶುಗಳ ಕಥೆ ಬೇರೆ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನಲ್ಲಿ ೧,೦೯೯ ಶಿಶುಗಳ ಮೇಲೆ ಮೂರು ತಳಿಗಳ ಮಿಶ್ರಣವನ್ನು ಪರೀಕ್ಷಿಸಿದಾಗ, ಕರುಳಿನ ಭಿತ್ತಿ ಕೊಳೆತುಹೋಗುವ ಭಯಾನಕ ರೋಗ ಶೇಕಡ ೪.೪ರಿಂದ ಶೇಕಡ ೨ಕ್ಕೆ ಇಳಿಯಿತು. ರಕ್ತದ ನಂಜು ಮಾತ್ರ ಕಡಿಮೆಯಾಗಲಿಲ್ಲ. ಇದು ೨೦೧೩ರ ವರದಿ. ಇಂಗ್ಲೆಂಡಿನಲ್ಲಿ ೧,೩೧೫ ಶಿಶುಗಳ ಮೇಲೆ ಬಿಫಿಡೊಬ್ಯಾಕ್ಟೀರಿಯಮ್ ಬ್ರೇವಿಯ ಒಂದು ತಳಿಯನ್ನು ಪರೀಕ್ಷಿಸಿದಾಗ ಯಾವ ಪ್ರಯೋಜನವೂ ಕಾಣಲಿಲ್ಲ. ೨೦೧೬ರ ಈ ವರದಿಯಲ್ಲಿ ಒಂದು ಕುತೂಹಲಕರ ಸಂಗತಿಯಿದೆ. ಹುಸಿಮದ್ದು ಪಡೆದ ಶಿಶುಗಳಲ್ಲಿಯೂ ಸುಮಾರು ಅರ್ಧದಷ್ಟು ಮಂದಿಯ ಮಲದಲ್ಲಿ ಅದೇ ತಳಿ ಪತ್ತೆಯಾಯಿತು. ಒಂದೇ ಕೋಣೆಯಲ್ಲಿ ಮಲಗಿಸಿದ ಕೂಸುಗಳ ನಡುವೆ ಆ ಜೀವಿ ತಾನಾಗಿ ದಾಟಿಹೋಗಿತ್ತು. ಔಷಧವೇ ಜೀವಂತವಾಗಿರುವಾಗ ಅದು ಪ್ರಯೋಗದ ಬೇಲಿಯನ್ನು ಹಾರುತ್ತದೆ. ಮಾತ್ರೆಗಳ ಪರೀಕ್ಷೆಗೆಂದು ರೂಪಿಸಿದ ವಿಧಾನ ಹೆಪ್ಪಿನ ಪರೀಕ್ಷೆಗೆ ಪೂರ್ತಿ ಹೊಂದುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಇನ್ನು ‘ಅಲ್ಲ’ಗಳು. ಮಕ್ಕಳ ತೀವ್ರಭೇದಿಗೆ ಪ್ರೊಬಯಾಟಿಕ್ ಕೊಡುವುದು ನಮ್ಮಲ್ಲಿ ಇಂದಿಗೂ ಸಾಮಾನ್ಯ. ೨೦೧೮ರಲ್ಲಿ ಅಮೆರಿಕದಲ್ಲಿ ೯೭೧, ಕೆನಡದಲ್ಲಿ ೮೮೬ ಮಕ್ಕಳ ಮೇಲೆ ನಡೆದ ಎರಡು ಪ್ರಯೋಗಗಳು ಒಂದೇ ಸಂಚಿಕೆಯಲ್ಲಿ ಪ್ರಕಟವಾದವು. ಬಳಸಿದ ತಳಿಗಳು ಬೇರೆ ಬೇರೆ, ತೀರ್ಮಾನ ಒಂದೇ: ಹುಸಿಮದ್ದಿಗಿಂತ ಮೇಲಲ್ಲ. ೨೦೨೦ರ ಕಾಕ್ರೇನ್ ಸಮೀಕ್ಷೆ ೮೨ ಪ್ರಯೋಗಗಳನ್ನು ನೋಡಿ, ಪಕ್ಷಪಾತಕ್ಕೆ ಎಡೆ ಕಡಿಮೆಯಿರುವ ದೊಡ್ಡ ಪ್ರಯೋಗಗಳನ್ನಷ್ಟೇ ಆಯ್ದುಕೊಂಡರೆ ವ್ಯತ್ಯಾಸ ಅಷ್ಟೇನೂ ಉಳಿಯುವುದಿಲ್ಲವೆಂದು ತಿಳಿಸಿತು. ಚಿಕ್ಕ ಪ್ರಯೋಗಗಳು ಉತ್ಸಾಹ ತೋರುತ್ತವೆ, ದೊಡ್ಡವು ಅದನ್ನು ತಣಿಸುತ್ತವೆ. ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಅಮೆರಿಕದ ಮಗುವಿನ ಭೇದಿಗೂ ಎಚ್.ಡಿ. ಕೋಟೆಯ ಹಾಡಿಯ ಮಗುವಿನ ಭೇದಿಗೂ ಕಾರಣವಾದ ರೋಗಾಣುಗಳು, ಮಕ್ಕಳ ಪುಷ್ಟಿ ಒಂದೇ ಆಗಿರಬೇಕಾಗಿಲ್ಲ. ಅಲ್ಲಿಯ ‘ಅಲ್ಲ’ ಇಲ್ಲಿಗೆ ಹಾಗೆಯೇ ಅನ್ವಯಿಸುತ್ತದೆ ಎನ್ನಲಾಗದು. ಆದರೆ ಅಷ್ಟರಿಂದ ಇಲ್ಲಿ ‘ಹೌದು’ ಎಂದಾಗುವುದಿಲ್ಲ. ನೀರು, ಸಕ್ಕರೆ, ಉಪ್ಪಿನ ದ್ರಾವಣದ ಉಪಯೋಗ ಮಾತ್ರ ಎರಡೂ ಕಡೆ ಸಂಶಯಾತೀತ.

ಹಾನಿಯ ಪ್ರಶ್ನೆಯನ್ನು ಕನ್ನಡದ ಬರೆಹಗಳು ಬಹುಮಟ್ಟಿಗೆ ಎತ್ತುವುದೇ ಇಲ್ಲ. ನೆದರ್ಲೆಂಡ್ಸಿನಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತವಿದ್ದ ೨೯೮ ರೋಗಿಗಳಿಗೆ ತಳಿಗಳ ಮಿಶ್ರಣವೊಂದನ್ನು ಕೊಟ್ಟು ನೋಡಿದ ಪ್ರಯೋಗ ೨೦೦೮ರಲ್ಲಿ ಪ್ರಕಟವಾಯಿತು. ಹುಸಿಮದ್ದು ಪಡೆದವರಲ್ಲಿ ಸತ್ತವರು ಶೇಕಡ ೬, ಪ್ರೊಬಯಾಟಿಕ್ ಪಡೆದವರಲ್ಲಿ ಶೇಕಡ ೧೬. ಮೊಸರಿನ ಬಂಧುವೆಂದು ನಂಬಿದ್ದ ವಸ್ತು ಅಷ್ಟು ಜೀವಗಳ ಮೇಲೆ ಬಂದದ್ದು ವೈದ್ಯಲೋಕವನ್ನು ನಡುಗಿಸಿತು. ೨೦೨೩ರ ಅಕ್ಟೋಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅವಧಿಗೆ ಮುನ್ನ ಹುಟ್ಟಿದ ಶಿಶುವೊಂದು ಪ್ರೊಬಯಾಟಿಕ್‌ನಲ್ಲಿದ್ದ ಜೀವಿಯಿಂದಲೇ ನಂಜಾಗಿ ತೀರಿಹೋದದ್ದನ್ನು ಉಲ್ಲೇಖಿಸಿ ವೈದ್ಯರಿಗೆ ಎಚ್ಚರಿಕೆ ನೀಡಿತು. ಅನೇಕ ಶಿಶುತಜ್ಞರು ಇದಕ್ಕೆ ಪ್ರತಿಯಾಗಿ, ಕರುಳು ಕೊಳೆಯುವ ರೋಗದಿಂದ ಉಳಿಯುವ ಕೂಸುಗಳ ಸಂಖ್ಯೆ ಇಂತಹ ಸಾವುಗಳಿಗಿಂತ ಬಹಳ ಹೆಚ್ಚೆಂದು ವಾದಿಸಿದರು. ವಿವಾದ ಮುಗಿದಿಲ್ಲ.

ಇತರ ಒಲವುಗಳನ್ನು ಹೆಸರಿಸಿ ಮುಂದುವರಿಯಬಹುದು. ಪ್ರತಿಜೀವಕ ಸೇವಿಸಿದ ಮೇಲೆ ಪ್ರೊಬಯಾಟಿಕ್ ತೆಗೆದುಕೊಂಡರೆ ಕರುಳಿನ ಸ್ವಂತ ಜೀವಿಗಳು ಮರಳಿ ನೆಲೆಗೊಳ್ಳುವುದು ತಡವಾಗುತ್ತದೆಂದು ಇಸ್ರೇಲಿನ ಒಂದು ಚಿಕ್ಕ ಅಧ್ಯಯನ ೨೦೧೮ರಲ್ಲಿ ತೋರಿಸಿತು. ಸತ್ತ ಜೀವಿಗಳಿಂದಲೂ ಉಪಯೋಗವಾಗಬಹುದೆಂಬ ವಿಚಾರಕ್ಕೆ ಪೋಸ್ಟ್‌ಬಯಾಟಿಕ್ ಎಂಬ ಬೇರೆಯ ಹೆಸರು ೨೦೨೧ರಲ್ಲಿ ನಿಶ್ಚಿತವಾಯಿತು. ಆರೋಗ್ಯವಂತರ ಮಲದಿಂದ ಸಿದ್ಧಪಡಿಸಿದ ಜೀವಿಸಮೂಹವನ್ನು, ಮರುಕಳಿಸುವ ಒಂದು ಬಗೆಯ ಕರುಳಿನ ಸೋಂಕಿಗೆ ಔಷಧವಾಗಿ ೨೦೨೨ ಮತ್ತು ೨೦೨೩ರಲ್ಲಿ ಅಮೆರಿಕ ಅಂಗೀಕರಿಸಿತು. ಮನೋರೋಗಗಳಿಗೂ ಪ್ರೊಬಯಾಟಿಕ್‌ಗೂ ಸಂಬಂಧ ಹುಡುಕುವ ಕೆಲಸ ಇನ್ನೂ ಎಳೆಯದು. ಪತ್ರಿಕೆಗಳಲ್ಲಿ ಅದಕ್ಕೆ ಸಿಗುತ್ತಿರುವ ಜಾಗ ಅದರ ಸಾಕ್ಷ್ಯಕ್ಕಿಂತ ದೊಡ್ಡದು.

೫

ಮೈಸೂರು ನಗರಕ್ಕೆ ಈ ವಿಷಯದೊಡನೆ ಹತ್ತಿರದ ಸಂಬಂಧವಿದೆ. ಚೆಲುವಾಂಬ ವಿಲಾಸದಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿ ಅಮುಲ್ ಸಂಸ್ಥೆಗೆ ಕೊಟ್ಟದ್ದು ಪ್ರಸಿದ್ಧವಾಗಿದೆ. ಪ್ರಯೋಗಶಾಲೆಯ ತಿಳಿವಳಿಕೆ ಕೂಸಿನ ಬಾಯಿಗೆ ತಲಪುವ ದಾರಿಯನ್ನು ಈ ಊರು ಬಲ್ಲದು. ಇದೇ ಸಂಸ್ಥೆಯ ಸೂಕ್ಷ್ಮಜೀವಿವಿಜ್ಞಾನ ವಿಭಾಗದಲ್ಲಿ ನಮ್ಮ ಹುದುಗು ಆಹಾರಗಳಿಂದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ, ಜಠರದ ಆಮ್ಲವನ್ನೂ ಪಿತ್ತರಸವನ್ನೂ ತಾಳಿಕೊಳ್ಳುತ್ತವೆಯೇ, ಪ್ರತಿಜೀವಕಗಳನ್ನು ಎದುರಿಸುವ ಗುಣವನ್ನು ಬೇರೆ ಜೀವಿಗಳಿಗೆ ಹಂಚುತ್ತವೆಯೇ ಎಂದು ನೋಡುವ ಕೆಲಸ ನಡೆದುಬಂದಿದೆ. ೧೯೬೧ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿಯೂ ಈ ಕ್ಷೇತ್ರದ ಸಂಶೋಧನೆ ನಡೆದಿದೆ. ಎರಡನೆಯ ಪರೀಕ್ಷೆ, ಅಂದರೆ ಪ್ರತಿಜೀವಕ ನಿರೋಧದ್ದು, ಸಾಮಾನ್ಯ ಓದುಗನಿಗೆ ಅಪರಿಚಿತವಾದರೂ ಅತ್ಯಂತ ಮುಖ್ಯವಾದುದು. ಒಳ್ಳೆಯದೆಂದು ನುಂಗಿದ ಜೀವಿ ತನ್ನಲ್ಲಿರುವ ನಿರೋಧಗುಣವನ್ನು ಕರುಳಿನಲ್ಲಿರುವ ರೋಗಾಣುವಿಗೆ ದಾಟಿಸಿದರೆ, ಮುಂದೆ ಅದೇ ರೋಗಿಗೆ ಔಷಧ ನಾಟದೆ ಹೋಗಬಹುದು.

ಪ್ರಯೋಗಶಾಲೆಯ ಈ ಹಂತ ದಾಟಿ ಆಸ್ಪತ್ರೆಯ ಹಂತಕ್ಕೆ ಬರುವ ತಳಿಗಳು ಬಹಳ ಕಡಿಮೆ. ಗಾಜಿನ ತಟ್ಟೆಯಲ್ಲಿ ರೋಗಾಣುವನ್ನು ತಡೆದ ತಳಿ ಮನುಷ್ಯನ ಕರುಳಿನಲ್ಲಿಯೂ ತಡೆಯುತ್ತದೆಂಬ ಖಾತರಿಯಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ೨೦೧೧ರಲ್ಲಿ ಹೊರಡಿಸಿದ ಮಾರ್ಗಸೂಚಿಯು ತಳಿಯ ಗುರುತು, ಸುರಕ್ಷತೆ, ಮನುಷ್ಯರಲ್ಲಿ ಪರಿಣಾಮ ಎಂಬ ಹಂತಗಳನ್ನು ವಿಧಿಸಿತು. ಪ್ರೊಬಯಾಟಿಕ್ ಬೆರೆಸಿದ ಆಹಾರದಲ್ಲಿ ದಿನದ ಸೇವನೆಗೆ ಕನಿಷ್ಠ ೧೦ ಕೋಟಿ ಜೀವಂತ ಜೀವಿಗಳಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ೨೦೧೬ರ ನಿಯಮ ಹೇಳುತ್ತದೆ. ಈ ಮಾರ್ಗಸೂಚಿಯ ಅಂಶಗಳನ್ನು ಇಲ್ಲಿಯ ಆರೋಗ್ಯ ಬರೆಹಗಳು ಸಂಖ್ಯೆಯೊಡನೆ ಉಲ್ಲೇಖಿಸುವುದು ವಿರಳ.

ಕನ್ನಡದ ಪದಗಳ ಮಾತಿಗೆ ಬರೋಣ. ‘ಪ್ರತಿಜೀವಕ’ದ ಮಾದರಿಯಲ್ಲಿ ‘ಸಹಜೀವಕ’, ‘ಹಿತಜೀವಾಣು’ ಮುಂತಾಗಿ ಪದ ಕಟ್ಟಬಹುದು. ನನ್ನ ಮಟ್ಟಿಗೆ ಅದು ತುರ್ತಿನ ಕೆಲಸವಲ್ಲ. ‘ಹಿತ’ವೆಂದು ಹೆಸರಿನಲ್ಲಿಯೇ ಸೇರಿಸಿಬಿಟ್ಟರೆ ಹಿತವೋ ಅಹಿತವೋ ಎಂದು ಕೇಳುವ ಮೊದಲೇ ಉತ್ತರ ಕೊಟ್ಟಂತಾಗುತ್ತದೆ. ‘ಒಳ್ಳೆಯ ಬ್ಯಾಕ್ಟೀರಿಯ’ ಎಂಬ ಪ್ರಯೋಗದ ದೋಷವೂ ಇದೇ. ನೆದರ್ಲೆಂಡ್ಸಿನ ರೋಗಿಗಳಿಗೆ ಕೊಟ್ಟದ್ದೂ ಒಳ್ಳೆಯ ಬ್ಯಾಕ್ಟೀರಿಯವೇ. ‘ಪ್ರೊಬಯಾಟಿಕ್’ ಎಂಬ ಎರವಲನ್ನೇ ಇಟ್ಟುಕೊಂಡು, ‘ತಳಿ’ ಎಂಬ ನಮ್ಮ ಪದವನ್ನು ಅದರ ಪಕ್ಕದಲ್ಲಿ ತಪ್ಪದೆ ಬಳಸುವುದು ಹೆಚ್ಚು ಉಪಯುಕ್ತ. ಹೊಲ, ಕೊಟ್ಟಿಗೆ, ರೇಷ್ಮೆಯ ಮನೆಗಳಿಂದ ಬಂದ ಈ ಪದ ಯಾವ ಓದುಗನಿಗೂ ಟಿಪ್ಪಣಿ ಬೇಡುವುದಿಲ್ಲ.

ಇದು ಬರಿಯ ಪದಚರ್ಚೆಯಲ್ಲ ಎಂಬುದಕ್ಕೆ ಒಪ್ಪಿಗೆ ಪತ್ರಗಳೇ ಸಾಕ್ಷಿ. ೨೦೧೯ರ ನಿಯಮಗಳ ಪ್ರಕಾರ ವೈದ್ಯಕೀಯ ಪ್ರಯೋಗದಲ್ಲಿ ಪಾಲ್ಗೊಳ್ಳುವವರಿಗೆ ಅವರು ತಿಳಿಯಬಲ್ಲ ಭಾಷೆಯಲ್ಲಿಯೇ ವಿವರ ಕೊಟ್ಟು ಒಪ್ಪಿಗೆ ಪಡೆಯಬೇಕು. ಆದ್ದರಿಂದ ಕರ್ನಾಟಕದಲ್ಲಿ ನಡೆಯುವ ಪ್ರಯೋಗಗಳಿಗೆ ಕನ್ನಡದ ಪತ್ರವೊಂದು ಸಿದ್ಧವಾಗುತ್ತದೆ, ಅದನ್ನು ಯಾರೋ ಅನುವಾದಿಸಿರುತ್ತಾರೆ. ಹುಸಿಮದ್ದಿಗೆ ‘ಔಷಧವಲ್ಲದ ಔಷಧ’ ಎಂದೂ, ಚೀಟಿ ಎತ್ತುವ ಕ್ರಮಕ್ಕೆ ‘ಯಾದೃಚ್ಛೀಕರಣ’ ಎಂದೂ ಬರೆದ ಪತ್ರಗಳನ್ನು ನಾನು ನೋಡಿದ್ದೇನೆ. ಎರಡನೆಯ ಪದವನ್ನು ಪದವಿ ತರಗತಿಯ ವಿದ್ಯಾರ್ಥಿಗಳೂ ಬಿಡಿಸಲಾರರು. ನಂಜನಗೂಡಿನ ಕಡೆಯಿಂದ ಬಂದ ಬಾಣಂತಿಯೊಬ್ಬಳು ಅದರ ಕೆಳಗೆ ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ಇಂತಹ ಪತ್ರಗಳ ಸಂಗ್ರಹ, ಪರಿಷ್ಕರಣ ಯಾವ ಕನ್ನಡ ವಿಭಾಗದ ಕಾರ್ಯಸೂಚಿಯಲ್ಲಿಯೂ ಇರುವಂತೆ ಕಾಣೆ. ಮೈಸೂರಿನಲ್ಲಿ ವೈದ್ಯಕೀಯ ಕಾಲೇಜುಗಳೂ ಕನ್ನಡ ಅಧ್ಯಯನ ಸಂಸ್ಥೆಯೂ ಒಂದೇ ಊರಿನಲ್ಲಿರುವಾಗ ಇದು ಕಷ್ಟದ ಕೆಲಸವಾಗಲಾರದು.

ಭಾವನ ಪ್ರಶ್ನೆಗೆ ಈಗ ಭಾಗಶಃ ಉತ್ತರ ಹೇಳಬಲ್ಲೆ. ಕೂಸಿಗೆ ಹಾಕಿದ್ದು ಮೊಸರಿನ ಹುಳವಲ್ಲ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಕರುಳು ಕೊಳೆಯದಂತೆ ಕೆಲವು ತಳಿಗಳು ತಡೆಯುತ್ತವೆ, ಕೆಲವು ತಡೆಯುವುದಿಲ್ಲ, ಅಪರೂಪಕ್ಕೆ ನಂಜಾಗುವುದೂ ಉಂಟು. ಹಾಗಾದರೆ ನಮ್ಮ ಕೂಸಿಗೆ ಹಾಕಿದ್ದು ಯಾವ ತಳಿ ಎಂದು ಅವರು ಕೇಳಿದರು. ಅಕ್ಕ ಆ ಹನಿಯ ಸಣ್ಣ ಪೆಟ್ಟಿಗೆಯನ್ನು ಮಗುವಿನ ಮೊದಲ ಬಟ್ಟೆಗಳೊಡನೆ ಎತ್ತಿಟ್ಟಿದ್ದಳು. ತೆಗೆದು ನೋಡಿದೆವು. ಕುಲ, ಪ್ರಭೇದಗಳ ಹೆಸರು ಇದ್ದವು, ಜೀವಿಗಳ ಸಂಖ್ಯೆ ಇತ್ತು, ತಣ್ಣಗಿನ ಜಾಗದಲ್ಲಿಡಬೇಕೆಂಬ ಸೂಚನೆಯೂ ಇತ್ತು. ತಳಿಯ ಗುರುತು ಎಲ್ಲಿಯೂ ಇರಲಿಲ್ಲ.